ಹೂಜಿ ಬೆಳಗಿದವಳು

ನನ್ನ ಸೊಸೆ ಊಟದ ಮೇಜನ್ನು ಕಿತ್ತುಕೊಂಡ ಮೇಲೆ ನಮ್ಮ ಮನೆಯಲ್ಲಿ ಎಲ್ಲರೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುವುದನ್ನು ಕಲಿತರು. ನಾನು ಕಲಿಯಲಿಲ್ಲ. ನಾನು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಉಣ್ಣುತ್ತಿದ್ದೆ. ಅದೂ ಚಮಚ ತಟ್ಟೆಗೆ ಬಡಿದು ಸದ್ದಾಗುವ ಹಾಗೆ, ಅವಳಿಗೆ ಕೇಳಿಸಲಿ ಎಂದು.

ಆ ಮೇಜು ನನ್ನದು. ನನ್ನ ಮದುವೆಯ ವರ್ಷ ನಮ್ಮಪ್ಪ ಬಡಗಿಯನ್ನು ಮನೆಯಲ್ಲೇ ಕೂರಿಸಿಕೊಂಡು ಮಾಡಿಸಿದ್ದು. ಅದು ಇರುವುದು ಉತ್ತರದ ಕಿಟಕಿಯ ಪಕ್ಕ. ಬಿಸಿಲು ನೇರವಾಗಿ ಬೀಳದ ಕಿಟಕಿ ಅದು. ಒದ್ದೆ ಬಟ್ಟೆ ಒಣಗದ ಕಿಟಕಿ ಎಂದು ನಾನು ಮೊದಲಿನಿಂದಲೂ ಬೈಯುತ್ತಿದ್ದೆ. ಇವಳು ಮನೆಗೆ ಬಂದ ಮೊದಲ ವಾರವೇ ಅದರ ಮುಂದೆ ನಿಂತು, "ಅತ್ತೆ, ಈ ಬೆಳಕು ಎಷ್ಟು ಚೆನ್ನಾಗಿದೆ ಗೊತ್ತಾ?" ಎಂದಳು. ಬಂದವಳು ಒಲೆ ಚೆನ್ನಾಗಿದೆ ಎನ್ನಲಿಲ್ಲ, ಅಡುಗೆ ಚೆನ್ನಾಗಿದೆ ಎನ್ನಲಿಲ್ಲ. ಬೆಳಕು ಚೆನ್ನಾಗಿದೆಯಂತೆ. ಅವತ್ತಿನಿಂದಲೇ ಅವಳನ್ನು ಕಂಡರೆ ನನಗಾಗದು.

ಅವಳ ಕೆಲಸ ಫೋಟೋ ತೆಗೆಯುವುದು. ಮನುಷ್ಯರದಲ್ಲ. ವಾರದ ದಿನಗಳಲ್ಲಿ ಒಂದು ಕಂಪನಿಗಾಗಿ ಬಾಣಲೆ, ಕುಕ್ಕರು, ಬೂಟು, ಬಕೀಟುಗಳ ಫೋಟೋ ತೆಗೆಯುತ್ತಾಳೆ. ಎಲ್ಲವೂ ಬಿಳಿ ಹಿನ್ನೆಲೆಯಲ್ಲಿ ಪಳಪಳ ಎನ್ನುತ್ತಿರಬೇಕು. ಅದಕ್ಕೆ ಸಂಬಳ ಕೊಡುತ್ತಾರೆ, ನನ್ನ ತಕರಾರಿಲ್ಲ. ರಜೆ ಬಂತೆಂದರೆ ಮಾತ್ರ ಅವಳಿಗೆ ಬೇರೆ ಹುಚ್ಚು ಹಿಡಿಯುತ್ತದೆ. ನಾನೂರು ವರ್ಷಗಳ ಹಿಂದೆ ಯಾವುದೋ ಚಳಿ ದೇಶಗಳ ಚಿತ್ರಗಾರರು ಊಟದ ಮೇಜಿನ ಮೇಲಿನ ಸಾಮಾನುಗಳನ್ನೇ ಬರೆದು ದೊಡ್ಡ ಹೆಸರು ಮಾಡಿದರಂತೆ. ಅವರು ಕುಂಚದಲ್ಲಿ ಮಾಡಿದ್ದನ್ನು ಇವಳು ಕ್ಯಾಮೆರಾದಲ್ಲಿ, ನಮ್ಮ ಮನೆಯ ಸಾಮಾನು ಇಟ್ಟುಕೊಂಡು ಮಾಡುತ್ತಾಳಂತೆ.

ಒಮ್ಮೆ ಒಂದು ದಪ್ಪ ಪುಸ್ತಕ ತಂದು ನನ್ನ ಮುಂದೆ ಬಿಚ್ಚಿದಳು. ಪುಟಪುಟಕ್ಕೂ ಕಪ್ಪು ಗೋಡೆ, ಮುರಿದ ರೊಟ್ಟಿ, ಅರ್ಧ ಸುಲಿದ ನಿಂಬೆಹಣ್ಣು, ಮಗುಚಿಬಿದ್ದ ಲೋಟ, ಹಣ್ಣಿನ ಮೇಲೆ ಕೂತ ನೊಣ. ಒಂದರಲ್ಲಿ ದ್ರಾಕ್ಷಿಯ ಪಕ್ಕ ಮನುಷ್ಯನ ತಲೆಬುರುಡೆ.

"ಇದೇನಿದು, ಊಟದ ಮೇಜಿನ ಮೇಲೆ?" ಎಂದೆ.

"ಎಲ್ಲಾ ಒಂದಿನ ಮುಗಿಯತ್ತೆ ಅಂತ ನೆನಪಿಸೋಕೆ, ಅತ್ತೆ. ಹಣ್ಣು ಕೊಳೆಯತ್ತೆ, ನಾವೂ ಹೋಗ್ತೀವಿ."

"ಅದನ್ನ ನೆನಪಿಸೋಕೆ ಬುರುಡೆ ಯಾಕೆ? ನಿಮ್ಮಾವನ ಮಂಡಿ ನೋವು ಸಾಕು. ಅಲ್ಲಾ, ಇಷ್ಟೊಂದು ಇದ್ದೋರ ಮನೇಲಿ ಮೇಜು ಒರೆಸೋರು ಒಬ್ಬರೂ ಇರ್ಲಿಲ್ವಾ?"

ಪಕ್ಕದಲ್ಲಿ ಕೂತಿದ್ದ ನಮ್ಮವರು ಜೋರಾಗಿ ನಕ್ಕರು. ನನ್ನ ಮಾತಿಗೆ ನಕ್ಕರೆಂದು ನಾನು ಅಂದುಕೊಂಡೆ. ಆದರೆ ಪುಸ್ತಕದ ಮೇಲೆ ಬಗ್ಗಿ, ಇನ್ನೂ ಎರಡು ಪುಟ ತೋರಿಸಮ್ಮ ಎಂದು ಅವಳಿಗೇ ಹೇಳಿದರು.

ಅವಳ ಕೆಲಸದ ರೀತಿಯೇ ಮನೆಹಾಳು. ಒಂದು ಈರುಳ್ಳಿ, ಒಂದು ಚಾಕು, ಬಿರುಕುಬಿಟ್ಟ ಪಿಂಗಾಣಿ ತಟ್ಟೆ. ಇಷ್ಟನ್ನು ಜೋಡಿಸುವುದಕ್ಕೆ ಅರ್ಧ ದಿನ. ಆಮೇಲೆ ಬೇಕಾದ ಬೆಳಕಿಗೆ ಕಾಯುವುದು. ಮೋಡ ಬಂದರೆ ನಾಳೆ, ನಾಳೆಯೂ ಬಂದರೆ ನಾಡಿದ್ದು. ಅಲ್ಲಿಯವರೆಗೆ ಯಾರೂ ಏನನ್ನೂ ಮುಟ್ಟುವ ಹಾಗಿಲ್ಲ. ಧೂಳು ಒರೆಸಬಾರದು, ಹಣ್ಣು ಕೊಳೆತರೆ ಎಸೆಯಬಾರದು. ಒಂದು ಸಲ ಸತ್ತ ಮೀನೊಂದನ್ನು ಮಲಗಿಸಿಟ್ಟು ಇಡೀ ಮನೆ ಮೂಗು ಮುಚ್ಚಿಕೊಂಡು ಓಡಾಡುವ ಹಾಗೆ ಮಾಡಿದಳು. ನನ್ನ ಮಗನನ್ನು ಕೇಳಿದರೆ, "ಇರ್ಲಿ ಬಿಡಮ್ಮ" ಎಂದ. ಅವನು ಬಾಯಿಗೆ ಬೆರಳಿಟ್ಟರೆ ಕಚ್ಚಲು ಬಾರದವನು. ಅವನ ವಿಷಯ ಇಷ್ಟು ಹೇಳಿದರೆ ಸಾಕು.

ನಮ್ಮವರ ನಗುವಿನ ವಿಷಯ ಮಾತ್ರ ಪೂರ್ತಿ ಹೇಳಬೇಕು. ನನ್ನ ಜಗಳ ಇರುವುದೇ ಅದರಲ್ಲಿ.

ಅವರು ಪೇಟೆಯ ದೊಡ್ಡ ಬಟ್ಟೆ ಅಂಗಡಿಯ ಬಾಗಿಲಲ್ಲಿ ನಿಂತು ಗಿರಾಕಿಗಳನ್ನು ಒಳಗೆ ಕರೆಯುವ ಕೆಲಸಕ್ಕೆ ಸೇರಿ, ಅದೇ ಅಂಗಡಿಯ ಮ್ಯಾನೇಜರಾಗಿ ನಿವೃತ್ತರಾದವರು. ಅವರಿಗೆ ಓದು ಇರಲಿಲ್ಲ, ವಶೀಲಿ ಇರಲಿಲ್ಲ. ಇದ್ದದ್ದು ನಗು. ಅವರು ಬಾಗಿಲಲ್ಲಿ ನಿಂತು ನಕ್ಕರೆ ಬರೀ ಬೆಲೆ ಕೇಳಲು ಬಂದವರೂ ಗಂಟು ಹೊತ್ತುಕೊಂಡು ಹೋಗುತ್ತಿದ್ದರು. ಬೀದಿಯಲ್ಲಿ ಅವರನ್ನು ಎಲ್ಲರೂ ಹೀರೋ ಸಾರ್ ಎಂದೇ ಕರೆಯುತ್ತಿದ್ದರು. ಎದುರು ಮನೆಯ ದರ್ಜಿಯ ಹೆಂಡತಿಯಂತೂ ಸಿಕ್ಕಿದಾಗಲೆಲ್ಲ, "ಹೀರೋ ಸಾರ್ ಯಾವುದ್ರಲ್ಲಿ ಹಲ್ಲುಜ್ತಾರೆ, ಹೇಳ್ರೀ" ಎಂದು ಕೇಳುತ್ತಿದ್ದಳು. "ಉಪ್ಪು" ಎಂದು ನಾನು ಮುಖ ನೋಡದೆ ಹೇಳಿ ಒಳಗೆ ಬರುತ್ತಿದ್ದೆ.

ಆ ಹಲ್ಲುಗಳಲ್ಲಿ ಒಂದೂ ಅವರದಲ್ಲ. ಮದುವೆಯಾದ ಕೆಲವೇ ವರ್ಷಕ್ಕೆ ವಸಡಿನ ಕಾಯಿಲೆ ಬಂದು ಬಾಯಿಯೆಲ್ಲ ಅಲುಗಾಡತೊಡಗಿತು. ಬೇರೆ ಊರಿಗೆ ಹೋಗಿ, ಅಷ್ಟನ್ನೂ ಕೀಳಿಸಿ, ಹುಣ್ಣು ಮಾಯುವವರೆಗೆ ಅಲ್ಲೇ ಇದ್ದು, ಸೆಟ್ಟು ಹಾಕಿಸಿಕೊಂಡೇ ವಾಪಸು ಬಂದರು. ನಾನೂ ಬರುತ್ತೇನೆ ಎಂದರೆ ಬೇಡ ಎಂದರು. ಅಂಗಡಿಗೆ ಹೋಗಿ ಕಾಮಾಲೆ ಎಂದು ಸುಳ್ಳು ಹೇಳಿ ರಜೆ ಬರೆಸಿದವಳು ನಾನು. ಅವತ್ತು ಶುರುವಾದದ್ದು, ಅವರು ಕಣ್ಣು ಮುಚ್ಚುವ ತನಕ ಆ ಗುಟ್ಟನ್ನು ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ನಮ್ಮ ಅತ್ತೆಗೆ ಗೊತ್ತಿರಲಿಲ್ಲ, ಮಗನಿಗೆ ಗೊತ್ತಿರಲಿಲ್ಲ, ನನ್ನ ಸ್ವಂತ ತಂಗಿಗೆ ಗೊತ್ತಿರಲಿಲ್ಲ.

ಮಲಗುವ ಮುಂಚೆ ದೀಪ ಆರಿಸಿದ ಮೇಲೆ ಅವರು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಹಲ್ಲಿಗೆಂದು ಮುಚ್ಚಳವಿರುವ ಒಂದು ಸ್ಟೀಲಿನ ಡಬ್ಬಿ. ಆ ಮುಚ್ಚಳವನ್ನು ನಾನು ಒಂದು ದಿನವೂ ತೆಗೆಯಲಿಲ್ಲ. ಅವರ ಬೊಚ್ಚುಬಾಯಿಯನ್ನು ಒಂದು ದಿನವೂ ನೋಡಲಿಲ್ಲ. ಅವರು ಬಚ್ಚಲಿಂದ ಬರುವ ಹೊತ್ತಿಗೆ ನಾನು ಗೋಡೆಯ ಕಡೆ ಹೊರಳಿರುತ್ತಿದ್ದೆ, ಬೆಳಿಗ್ಗೆ ಅವರು ಎದ್ದು ಹೋಗುವವರೆಗೆ ಹಾಗೆಯೇ ಇರುತ್ತಿದ್ದೆ. ಬಾಯಿಬಿಟ್ಟು ಮಾತಾಡದೆ ನಾವಿಬ್ಬರೂ ಮಾಡಿಕೊಂಡ ಒಪ್ಪಂದ ಅದು. ನೋಡದೆ ಇರುವುದೇ ನಾನು ಅವರಿಗೆ ಕೊಟ್ಟ ಮರ್ಯಾದೆ ಎಂದು ತಿಳಿದಿದ್ದೆ. ಅದಕ್ಕಿಂತ ದೊಡ್ಡ ಪ್ರೀತಿ ನನಗೆ ಗೊತ್ತಿರಲಿಲ್ಲ.

ನಿವೃತ್ತಿಯಾದ ಮೇಲೆ ಅವರು ಸೊಸೆಯ ಪಕ್ಷ ಸೇರಿದರು. ಅವಳು ರಜೆಯಲ್ಲಿ ಕ್ಯಾಮೆರಾ ನಿಲ್ಲಿಸಿದರೆ ಇವರು ಬನಿಯನ್ನಿನಲ್ಲೇ ಹೋಗಿ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂರುವರು. ಅವಳಿಗೆ ಬೇಕಾದ ಕಡೆ ಬೆಳಕು ತಿರುಗಿಸಲು ಒಂದು ಬಿಳಿ ಹಲಗೆ ಹಿಡಿದುಕೊಳ್ಳುವರು. ಸ್ವಲ್ಪ ಎಡಕ್ಕೆ ಮಾವ, ಸ್ವಲ್ಪ ಮೇಲಕ್ಕೆ ಮಾವ. ನಾನು ಒಂದು ಬಕೀಟು ನೀರೆತ್ತಿಕೊಡಿ ಎಂದರೆ ಸೊಂಟ ನೋವು ಎನ್ನುತ್ತಿದ್ದ ಮನುಷ್ಯ ಅಲ್ಲಿ ಗಂಟೆಗಟ್ಟಲೆ ಕೈಯೆತ್ತಿಕೊಂಡು ಕೂರುತ್ತಿದ್ದರು. ಅಡುಗೆಮನೆಗೆ ಅವರಿಬ್ಬರ ಪಿಸುಮಾತು ಕೇಳಿಸುತ್ತಿತ್ತು, ಆಮೇಲೆ ನಗು. ಹೊಟ್ಟೆಕಿಚ್ಚು ಎನ್ನುವಿರಾದರೆ ಎನ್ನಿ. ಹೊಟ್ಟೆಕಿಚ್ಚೇ.

ಕೊನೆಗೆ ಅವಳ ಕೈ ನನ್ನ ಹೂಜಿಯ ಮೇಲೆ ಬಿತ್ತು. ತಾಮ್ರದ ಹೂಜಿ, ದುಂಡು ಹೊಟ್ಟೆಯದು, ನನ್ನ ತವರಿನದು. ಹೊಳೆಯುವ ಪಾತ್ರೆಯನ್ನು ಕ್ಯಾಮೆರಾ ಮುಂದೆ ಇಡುವುದು ಕಷ್ಟವಂತೆ. ಅದರ ಹೊಟ್ಟೆಯಲ್ಲಿ ಇಡೀ ಕೋಣೆಯೇ ಕಾಣುತ್ತದಂತೆ: ಕಿಟಕಿ, ಕ್ಯಾಮೆರಾ, ಅದರ ಹಿಂದೆ ನಿಂತವಳು, ಎಲ್ಲ. ಆದ್ದರಿಂದ ಅವಳು ಹೂಜಿಗೆ ಸಾಬೂನು, ಮೇಣ ಕಲಸಿ ಬಳಿದು ಹೊಳಪು ಕೊಂದಳು. ಸುತ್ತಲೂ ಕರಿ ಬಟ್ಟೆ ಇಳಿಬಿಟ್ಟಳು. ಫೋಟೋ ತೆಗೆಯುವವರು ಫೋಟೋದಲ್ಲಿ ಕಾಣಬಾರದು ಎಂದು ನನಗೇ ಪಾಠ ಹೇಳಿದಳು. ನಮ್ಮಮ್ಮ ಬೆಳಗಿ ಬೆಳಗಿ ಇಟ್ಟ ಹೂಜಿ ವಾರವಿಡೀ ಮೇಜಿನ ಮೇಲೆ ಜ್ವರ ಬಂದವರ ಹಾಗೆ ಮಂಕಾಗಿ ಕೂತಿತ್ತು.

ಒಂದು ಬೆಳಿಗ್ಗೆ ನನಗೆ ತಡೆಯಲಾಗಲಿಲ್ಲ. ಅವಳು ಸ್ನಾನಕ್ಕೆ ಹೋಗಿದ್ದಳು. ಮೇಜಿನ ಮೇಲೆ ಅವಳು ಬಹಳ ನಾಜೂಕಿನಿಂದ ಸುಲಿದಿಟ್ಟ ನಿಂಬೆಹಣ್ಣಿತ್ತು, ಸಿಪ್ಪೆ ಸುರುಳಿಯಾಗಿ ಅಂಚಿನಿಂದ ಕೆಳಕ್ಕೆ ನೇತಾಡುತ್ತಿತ್ತು. ಆ ನಿಂಬೆಹಣ್ಣನ್ನೇ ತೆಗೆದುಕೊಂಡು, ಉಪ್ಪು ಅದ್ದಿ, ಹೂಜಿಯನ್ನು ತಿಕ್ಕಿದೆ. ತೋಳು ನೋಯುವವರೆಗೆ ತಿಕ್ಕಿದೆ. ಬೆಂಕಿಯ ಹಾಗೆ ಹೊಳೆಯತೊಡಗಿದ ಮೇಲೆ ಇದ್ದ ಜಾಗದಲ್ಲೇ ಇಟ್ಟು, ಹಿಂಡಿದ ನಿಂಬೆಹಣ್ಣನ್ನೂ ಪಕ್ಕದಲ್ಲಿಟ್ಟೆ.

"ಅತ್ತೆ! ಏನ್ಮಾಡ್ಬಿಟ್ರಿ!"

"ಪಾತ್ರೆ ತೊಳ್ದೆ. ಈ ಮನೇಲಿ ಅದು ಇನ್ನೂ ತಪ್ಪಾಗಿಲ್ಲ ಅಂದ್ಕೊಂಡಿದ್ದೆ."

"ವಾರದಿಂದ ಕಾಯ್ತಿದೀನಿ! ಇವತ್ತು ಒಂದೇ ದಿನ ಬೆಳಕು ಸರಿಯಾಗಿತ್ತು!"

"ಬೆಳಕು ಎಲ್ಲಿಗೂ ಹೋಗಲ್ಲ. ನನ್ನ ಹೂಜಿ ಹಾಳಾಗ್ತಿತ್ತು."

"ನಿಮಗೆ ನಾನು ಏನು ಮಾಡಿದ್ರೂ ಕಸ!"

"ಕಸ ಅಂತ ನಾನ್ಯಾಕೆ ಹೇಳ್ಲಿ? ಮೇಜು ನೋಡಿದ್ರೇ ಗೊತ್ತಾಗತ್ತೆ."

ಆಗ ನಮ್ಮವರು ಕುರ್ಚಿಯಿಂದ ಎದ್ದು, "ನಿನಗೆ ಬೇರೆ ಕೆಲಸ ಇಲ್ವೇನೇ?" ಎಂದರು. ಅವಳಿಗಲ್ಲ, ನನಗೆ. ನನ್ನ ಮೈಯೆಲ್ಲ ಉರಿದುಹೋಯಿತು. ಚೀಲಕ್ಕೆ ಎರಡು ಬಟ್ಟೆ ತುರುಕಿಕೊಂಡು, ಬಾಗಿಲನ್ನು ದಡಾರನೆ ಎಳೆದು, ತಂಗಿಯ ಮನೆಗೆ ಹೋದೆ. ಮಾರನೆಯ ದಿನ ವಾಪಸು ಬಂದಾಗ ಮೇಜಿನ ಮೇಲಿನ ಸಾಮಾನು ತೆಗೆದಾಗಿತ್ತು. ಸೊಸೆ ಗಂಟುಮುಖ ಹಾಕಿಕೊಂಡಿದ್ದಳು. ಅವರು ಮಾತ್ರ, "ಹೂಜಿ ಎಷ್ಟು ಚೆನ್ನಾಗಿ ಹೊಳೀತಿದೆ ಕಣೇ" ಎಂದರು. ಬೆಣ್ಣೆ ಹಚ್ಚುತ್ತಿದ್ದಾರೆ ಎಂದುಕೊಂಡು ನಾನು ಚೀಲ ಎತ್ತಿಕೊಂಡು ಒಳಗೆ ಹೋದೆ.

ಆ ವರ್ಷ ಮುಗಿಯುವುದರೊಳಗೆ ಅವರು ಹೋದರು. ಶ್ವಾಸಕೋಶದ ಕಾಯಿಲೆ. ಆಸ್ಪತ್ರೆಯಲ್ಲಿ ಬಾಯಿಗೆ ಕೊಳವೆ ಹಾಕುವ ಮುಂಚೆ ನರ್ಸು ಹಲ್ಲಿನ ಸೆಟ್ಟನ್ನು ತೆಗೆದು ನನ್ನ ಕೈಗೆ ಕೊಡಲು ಬಂದಳು. ನಾನು ಮುಖ ತಿರುಗಿಸಿಕೊಂಡು, ಡಬ್ಬಿಯಲ್ಲಿ ಹಾಕಿ ಮುಚ್ಚಳ ಮುಚ್ಚಿ ಕೊಡು ಎಂದೆ. ಮಗನಿಗೆ ಗೊತ್ತಾದದ್ದೂ ಆಗಲೇ. ಯಾರ ಹತ್ತಿರವೂ ಬಾಯಿಬಿಡಬೇಡ ಎಂದೆ. ಜನ ಕೊನೆಯ ಸಲ ನೋಡಲು ಬಂದಾಗ ಅವರ ಮುಖಕ್ಕೆ ಮೂಗಿನವರೆಗೆ ಬಿಳಿ ಬಟ್ಟೆ ಹೊದಿಸಿದೆ. ದರ್ಜಿಯ ಹೆಂಡತಿ, "ಆ ನಗುಮುಖ ಒಂದ್ಸಲ ತೋರಿಸ್ರೀ" ಎಂದು ಅತ್ತಳು. ತೋರಿಸಲಿಲ್ಲ. ನಾನೂ ನೋಡಲಿಲ್ಲ. ಅವರ ಹಲ್ಲಿನ ಡಬ್ಬಿಯನ್ನು ನನ್ನ ಬೀರುವಿನಲ್ಲಿ, ಬಟ್ಟೆಗಳ ಅಡಿಯಲ್ಲಿಟ್ಟು ಬೀಗ ಹಾಕಿದೆ. ಗುಟ್ಟು ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ.

ಹೀಗಿರುವಾಗ ಒಂದು ದಿನ ಮಗ ಒಂದು ಕಟ್ಟು ಕಾರ್ಡು ಹೊತ್ತುಕೊಂಡು ಬಂದ. ಪೇಟೆಯ ಸಭಾಂಗಣದಲ್ಲಿ ಸೊಸೆಯ ಫೋಟೋಗಳ ಪ್ರದರ್ಶನವಂತೆ. ಬೀದಿಗೆಲ್ಲ ಹಂಚಿಯೂ ಆಗಿತ್ತು. ಕಾರ್ಡಿನ ಮೇಲೆ ಒಂದು ಫೋಟೋ. ಕಪ್ಪು ಹಿನ್ನೆಲೆ. ಮೇಜಿನ ಅಂಚಿನಲ್ಲಿ ಹಿಂಡಿದ ನಿಂಬೆಹಣ್ಣು. ಅದರ ಪಕ್ಕ ನೀರು ತುಂಬಿದ ಗಾಜಿನ ಲೋಟ. ಲೋಟದಲ್ಲಿ ಹಲ್ಲು, ಮೇಲಿನ ಸಾಲು, ಕೆಳಗಿನ ಸಾಲು.

ನಾನು ನೆಟ್ಟಗೆ ಬೀರುವಿನ ಹತ್ತಿರ ಹೋದೆ. ಬೀಗ ತೆಗೆದು, ಬಟ್ಟೆಗಳನ್ನು ಕಿತ್ತು ಹಾಕಿ, ಡಬ್ಬಿ ಹೊರಗೆ ತೆಗೆದೆ. ಜೀವಮಾನದಲ್ಲಿ ಮೊದಲ ಸಲ ಅದರ ಮುಚ್ಚಳ ತೆಗೆದೆ. ಹಲ್ಲು ಅಲ್ಲೇ ಇತ್ತು. ಅಂದರೆ ಕದ್ದು, ಫೋಟೋ ತೆಗೆದು, ಏನೂ ಗೊತ್ತಿಲ್ಲದವಳ ಹಾಗೆ ವಾಪಸು ಇಟ್ಟಿದ್ದಾಳೆ. ಅವಳಿಗೆ ಬುರುಡೆ ಬೇಕಿತ್ತು. ಸಿಗಲಿಲ್ಲ, ನನ್ನ ಗಂಡನ ಹಲ್ಲು ಸಿಕ್ಕಿತು.

"ಕಳ್ಳಿ!" ಎಂದೆ. ಅವಳು ನಡುಮನೆಯಲ್ಲಿ ಕಾರ್ಡುಗಳಿಗೆ ವಿಳಾಸ ಬರೆಯುತ್ತಿದ್ದಳು. "ಸತ್ತೋರ ಬಾಯಿಗೂ ಕೈ ಹಾಕಿದ್ಯಲ್ಲೇ! ಅವರು ಇಷ್ಟು ವರ್ಷ ಮುಚ್ಚಿಟ್ಕೊಂಡಿದ್ದನ್ನ ಪೇಟೆ ಗೋಡೆಗೆ ನೇತು ಹಾಕ್ತೀಯಾ?"

ಅವಳ ಮುಖ ಬಿಳಿಚಿಕೊಂಡಿತು. ಆದರೆ ಪೆನ್ನು ಕೆಳಗಿಡಲಿಲ್ಲ. "ನಾನು ಕದ್ದಿಲ್ಲ."

"ಮತ್ತೆ ಹಾರಿಕೊಂಡು ಬಂತಾ?"

"ಕದ್ದಿಲ್ಲ ಅಂದೆ. ನಿಮಗೆ ಹೇಳೋಕೆ ಎಷ್ಟು ಸಲ ಪ್ರಯತ್ನ ಪಟ್ಟೆ. ಒಂದಿನ ಆದ್ರೂ ನನ್ನ ಮಾತು ಪೂರ್ತಿ ಕೇಳಿಸ್ಕೊಂಡಿದೀರಾ?"

"ಕೇಳೋದೇನಿದೆ? ಅದನ್ನ ತೆಗೀತೀಯೋ ಇಲ್ವೋ?"

"ತೆಗೆಯಲ್ಲ. ಬಂದು ಪೂರ್ತಿ ಫೋಟೋ ನೋಡಿ, ಆಮೇಲೆ ಬೈರಿ. ಯಾರ ಹಲ್ಲು ಅಂತ ನಾನು ಯಾರಿಗೂ ಹೇಳಲ್ಲ. ಅಷ್ಟು ಮಾತು ಕೊಡ್ತೀನಿ."

ಅವಳ ಮಾತಿಗೆ ನಾನು ಯಾವತ್ತು ಸೊಪ್ಪು ಹಾಕಿದ್ದೆ? ದರ್ಜಿಯ ಹೆಂಡತಿಯ ಕೈಯಲ್ಲಿ ಕಾರ್ಡು ಇದೆ. ಅವಳಿಗೆ ಎರಡಕ್ಕೆ ಎರಡು ಕೂಡಿಸಲು ಎಷ್ಟು ಹೊತ್ತು ಬೇಕು? ನಾಳೆ ಇಡೀ ಬೀದಿ, ಹೀರೋ ಸಾರ್ ನಗುವೆಲ್ಲ ಬರೀ ಸೆಟ್ಟಂತೆ ಎಂದು ಆಡಿಕೊಳ್ಳುತ್ತದೆ. ಉತ್ತರ ಕೊಡಲು ಅವರಿಲ್ಲ. ಇರುವವಳು ನಾನೊಬ್ಬಳು. ಆ ಫೋಟೋವನ್ನು ಜನರ ಕಣ್ಣಿಗೆ ಬೀಳಲು ಬಿಟ್ಟರೆ ಇಷ್ಟು ವರ್ಷ ಕಾದದ್ದೆಲ್ಲ ನೀರುಪಾಲು.

ಪ್ರದರ್ಶನದ ದಿನ ಬಾಗಿಲು ತೆಗೆಯುವ ಮುಂಚೆಯೇ ಸಭಾಂಗಣಕ್ಕೆ ಹೋದೆ. ಚೀಲದಲ್ಲಿ ಸೊಸೆಯ ಕರಿ ಬಟ್ಟೆಯನ್ನೇ ಮಡಚಿ ಇಟ್ಟುಕೊಂಡಿದ್ದೆ, ಜೊತೆಗೆ ಗಟ್ಟಿ ಪಿನ್ನುಗಳು. ಅವಳ ಬಟ್ಟೆಯಿಂದಲೇ ಅವಳ ಫೋಟೋ ಮುಚ್ಚುವುದು, ಯಾರಾದರೂ ತೆಗೆಯಲು ಬಂದರೆ ಅಲ್ಲೇ ಬಾಯಿ ಬಡಿದುಕೊಂಡು ಕೂರುವುದು ಎಂದು ನಿಶ್ಚಯ ಮಾಡಿದ್ದೆ. ಒಳಗೆ ಸಭಾಂಗಣದ ಮೇಲ್ವಿಚಾರಕಿ ಒಬ್ಬಳೇ ಇದ್ದಳು, ಕನ್ನಡಕವನ್ನು ಸರಪಳಿಯಲ್ಲಿ ಕೊರಳಿಗೆ ನೇತುಹಾಕಿಕೊಂಡವಳು. ಕಲಾವಿದೆಯ ಅತ್ತೆ ಎಂದದ್ದೇ ತಡ, ಕೈ ಹಿಡಿದು ಕರೆದುಕೊಂಡು ಹೋದಳು.

"ಬನ್ನಿ ಬನ್ನಿ, ಮುಖ್ಯವಾದ್ದು ಕೊನೇ ಗೋಡೇಲಿದೆ. ಹಳೇ ಚಿತ್ರಗಳಲ್ಲಿ ಬುರುಡೆ ಇಡ್ತಿದ್ರಲ್ಲ, ಆ ಜಾಗದಲ್ಲಿ ಹಲ್ಲಿನ ಸೆಟ್ಟು! ಎಂಥಾ ಯೋಚನೆ ಅಲ್ವಾ?"

"ಬಹಳ ದೊಡ್ಡ ಯೋಚನೆ" ಎಂದೆ. "ಸ್ವಲ್ಪ ನೀರು ಸಿಗತ್ತಾ?"

ಅವಳು ನೀರು ತರಲು ಹೋದಳು. ನಾನು ಚೀಲದಿಂದ ಬಟ್ಟೆ ತೆಗೆದು ಬಿಡಿಸಿದೆ. ಫೋಟೋ ನನ್ನಷ್ಟೇ ಎತ್ತರ ಇತ್ತು. ಕಾರ್ಡಿನಲ್ಲಿ ಕಂಡದ್ದು ಬರೀ ಒಂದು ಮೂಲೆ. ಇಲ್ಲಿ ಇಡೀ ಮೇಜು ಇತ್ತು, ನಮ್ಮಪ್ಪ ಮಾಡಿಸಿದ ಮೇಜು. ಮಧ್ಯದಲ್ಲಿ ನನ್ನ ಹೂಜಿ, ನಾನು ಬೆಳಗಿದ ಹೂಜಿ, ಬೆಂಕಿಯ ಹಾಗೆ ಹೊಳೆಯುತ್ತಿತ್ತು. ಸಾಬೂನಿಲ್ಲ, ಮೇಣವಿಲ್ಲ. ನಾನು ತಂಗಿಯ ಮನೆಗೆ ಹೋಗಿದ್ದ ದಿನದ ಫೋಟೋ ಎಂದು ಹೊಳೆಯಲು ನನಗೆ ಒಂದು ಕ್ಷಣ ಬೇಕಾಯಿತು. ಅಂದರೆ ಆಗ ಅವರು ಇದ್ದರು.

ಬಟ್ಟೆಯ ತುದಿಗೆ ಪಿನ್ನು ಚುಚ್ಚಲೆಂದು ಹತ್ತಿರ ಹೋದಾಗ ಹೂಜಿಯ ಹೊಟ್ಟೆ ನನ್ನ ಕಣ್ಣಿನ ನೇರಕ್ಕೆ ಬಂತು. ಅದರಲ್ಲಿ ನಮ್ಮ ಕೋಣೆ ಬಾಗಿಕೊಂಡು ಕೂತಿತ್ತು. ಉತ್ತರದ ಕಿಟಕಿ. ಮೂರು ಕಾಲಿನ ಮೇಲೆ ಕ್ಯಾಮೆರಾ. ಅದಕ್ಕೆ ಬಗ್ಗಿದ ಸೊಸೆ. ಪಕ್ಕದಲ್ಲಿ ಬೆತ್ತದ ಕುರ್ಚಿ, ಅದರಲ್ಲಿ ಬಿಳಿ ಹಲಗೆ ಹಿಡಿದ ಒಬ್ಬ ಮುದುಕ. ಕೆನ್ನೆಗಳು ಒಳಕ್ಕೆ ಹೋಗಿದ್ದವು, ಗದ್ದ ಚೂಪಾಗಿ ಮುಂದಕ್ಕೆ ಬಂದಿತ್ತು. ಅವನು ಬಾಯಿ ಪೂರ್ತಿ ತೆರೆದು ನಗುತ್ತಿದ್ದ. ಬಾಯೊಳಗೆ ಏನೂ ಇರಲಿಲ್ಲ.

ಯಾರೀ ಮುದುಕ ಎಂದುಕೊಂಡೆ. ನಿಜವಾಗಿ ಹಾಗೆಯೇ ಅಂದುಕೊಂಡೆ. ನಮ್ಮ ಮನೆಗೆ ಯಾರನ್ನು ಕರೆತಂದಿದ್ದಾಳೆ ಇವಳು? ಆಮೇಲೆ ಬನಿಯನ್ನಿನ ಭುಜದ ಮೇಲೆ ತೇಪೆ ಕಂಡಿತು. ಆ ತೇಪೆ ನಾನು ಹೊಲಿದದ್ದು.

ಕೈಯಲ್ಲಿದ್ದ ಪಿನ್ನು ಎಲ್ಲಿ ಬಿತ್ತೋ ಗೊತ್ತಿಲ್ಲ. ಹಿಂದಿನಿಂದ ಸೊಸೆ, "ಅತ್ತೆ" ಎಂದಳು. ಯಾವಾಗ ಬಂದಳೋ, ನನ್ನ ಕೈಯ ಕರಿ ಬಟ್ಟೆಯನ್ನೇ ನೋಡುತ್ತಿದ್ದಳು.

"ನಿನ್ನ ಮುಂದೆ ಬಾಯಿ ಬಿಟ್ಟಿದ್ದಾರೆ" ಎಂದೆ. "ಎಲ್ಲೋ ಹುಟ್ಟಿ ಬೆಳೆದ ನಿನ್ನ ಮುಂದೆ."

"ಅವತ್ತು ನೀವು ಹೋದ್ಮೇಲೆ ನಾನು ಅಳ್ತಾ ಕೂತಿದ್ದೆ. ಹೂಜಿ ಹೋಯ್ತು, ನಿಂಬೆಹಣ್ಣು ಹೋಯ್ತು, ಬುರುಡೆ ಮೊದಲೇ ಇಲ್ಲ, ಇನ್ನೇನು ತೆಗೀಲಿ ಮಾವ ಅಂದೆ. ಅವರು, 'ಬುರುಡೆ ಪೂರ್ತಿ ಕೊಡೋಕಾಗಲ್ಲಮ್ಮ, ಅರ್ಧ ಕೊಡ್ತೀನಿ' ಅಂತ ಬಾಯಿಂದ ಸೆಟ್ಟು ತೆಗೆದು ಲೋಟಕ್ಕೆ ಹಾಕಿದ್ರು. ನನಗೆ ಎದೆ ಧಸಕ್ ಅಂತು. ಆಮೇಲೆ ಇಬ್ಬರಿಗೂ ನಗು ತಡೆಯೋಕಾಗ್ಲಿಲ್ಲ."

"ಹೂಜೀಲಿ ಕಾಣ್ತಾರೆ ಅಂತ ನಿನಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು. ಬಟ್ಟೆ ಇಳಿಬಿಡೋಕೆ ಹೋದೆ. ಬೇಡ, ಇರ್ಲಿ ಅಂದ್ರು."

"ನನ್ನ ವಿಷಯ ಏನಂದ್ರು?"

ಅವಳು ಬಾಗಿಲ ಕಡೆ ನೋಡಿದಳು. ನನಗೆ ಅವಳ ಕಪಾಳಕ್ಕೆ ಬಾರಿಸಬೇಕೆನಿಸಿತು. "ಬೊಗಳೇ!" ಎಂದೆ.

"'ನಿಮ್ಮತ್ತೆ ಬರೋದ್ರೊಳಗೆ ತೆಗೆದ್ಬಿಡು' ಅಂದ್ರು. 'ಅವಳು ಇದನ್ನ ನೋಡಲಾರಳು. ಹಲ್ಲು ಕೀಳಿಸಿದಾಗಿಂದ ಗೋಡೆ ಕಡೆ ತಿರುಗೇ ಮಲಗ್ತಾಳೆ. ಅವಳಿಗೆ ಅಸಹ್ಯ' ಅಂದ್ರು."

ಆ ಮಾತು ನನ್ನನ್ನು ಚುಚ್ಚಿದಷ್ಟು ಯಾವುದೂ ಚುಚ್ಚಿಲ್ಲ. ಅಸಹ್ಯವಂತೆ! ಅವರ ಮರ್ಯಾದೆಗೆಂದು ನಾನು ಗೋಡೆ ನೋಡಿಕೊಂಡು ಮಲಗಿದ ರಾತ್ರಿಗಳನ್ನೆಲ್ಲ ಈ ಮನುಷ್ಯ ಹಾಗೆ ಓದಿಕೊಂಡಿದ್ದಾರೆ. ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ, ಅಥವಾ ತಿರುಗಿ ಮಲಗುತ್ತಿದ್ದೆ. ಸಿಟ್ಟು ಬಂತು. ಸೊಸೆಯ ಮೇಲೆ ಇದ್ದ ಸಿಟ್ಟೆಲ್ಲ ಅದರ ಮುಂದೆ ಏನೂ ಅಲ್ಲ. ಸತ್ತವರನ್ನು ಹಿಡಿದು ಅಲುಗಾಡಿಸಲು ಬರುವುದಿಲ್ಲವಲ್ಲ, ಅದಕ್ಕೆ ಅಲ್ಲೇ ನಿಂತು ಹಲ್ಲು ಕಚ್ಚಿದೆ. ನನ್ನ ಹಲ್ಲುಗಳೆಲ್ಲ ಇನ್ನೂ ಗಟ್ಟಿಯಾಗಿವೆ.

ಅಷ್ಟರಲ್ಲಿ ಬಾಗಿಲು ತೆಗೆದರು. ಜನ ಬಂದರು. ಮಗ ಬಂದು ನನ್ನನ್ನೂ ಅವಳನ್ನೂ ನೋಡಿ, ದೂರದ ಗೋಡೆಯ ಈರುಳ್ಳಿಯ ಮುಂದೆ ನಿಂತುಕೊಂಡ. ಎಲ್ಲರಿಗಿಂತ ಮುಂದೆ ದರ್ಜಿಯ ಹೆಂಡತಿ, ಕಾರ್ಡು ಕೈಯಲ್ಲಿ ಹಿಡಿದುಕೊಂಡೇ ಬಂದಳು. ಲೋಟವನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಲೋಟವನ್ನು ನೋಡಿದಳು.

"ಅಲ್ರೀ, ಇದು ಯಾರ ಹಲ್ಲು?"

"ಅದು ದಂತವೈದ್ಯರ ಹತ್ರ ಎರವಲು ತಂದಿದ್ದು" ಎಂದಳು ಸೊಸೆ, ತಡವರಿಸದೆ. ಕೊಟ್ಟ ಮಾತು ಉಳಿಸಿಕೊಂಡಳು. ನಾನು ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರ ಗುಟ್ಟು ಉಳಿಯುತ್ತಿತ್ತು, ನಾನು ಕಾಪಾಡಲೆಂದೇ ಹೊರಟು ಬಂದಿದ್ದ ಗುಟ್ಟು.

"ಸುಳ್ಳು" ಎಂದೆ. "ನಮ್ಮೆಜಮಾನ್ರದ್ದು."

ದರ್ಜಿಯ ಹೆಂಡತಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

"ಉಪ್ಪಲ್ಲಿ ಉಜ್ಜಿದ್ದಲ್ಲ, ಡಬ್ಬೀಲಿಟ್ಟು ತೊಳೆದಿದ್ದು. ಇಷ್ಟು ವರ್ಷ ಕೇಳ್ತಿದ್ಯಲ್ಲ, ಈಗ ಗೊತ್ತಾಯ್ತಾ? ಬಾಯೂ ನೋಡ್ಬೇಕಾ? ಬಾ ಇಲ್ಲಿ, ಹೂಜಿ ಹತ್ರ ಬಾ. ಕುರ್ಚೀಲಿ ಕೂತಿದಾರೆ ನೋಡು. ಕಾಣ್ತಿದಾರಾ? ಹೂಜಿ ಹಾಗೆ ಹೊಳೆಯೋದಕ್ಕೇ ಕಾಣ್ತಿರೋದು. ಅದನ್ನ ಬೆಳಗಿದ್ದು ನಾನು."

ಅವಳು ಬಗ್ಗಿ ನೋಡಿದಳು. ಅವಳ ಹಿಂದೆ ಇನ್ನೊಬ್ಬರು, ಇನ್ನೊಬ್ಬರು. ಯಾರೂ ಆಡಿಕೊಳ್ಳಲಿಲ್ಲ, ಅಥವಾ ಆಡಿಕೊಂಡದ್ದು ನನಗೆ ಕೇಳಿಸಲಿಲ್ಲ. ನೀರಿನ ಲೋಟ ಹಿಡಿದು ಬಂದ ಮೇಲ್ವಿಚಾರಕಿ, ಹಳೆಯ ಚಿತ್ರಗಾರರೂ ಹೂಜಿಯ ಹೊಟ್ಟೆಯಲ್ಲಿ ತಮ್ಮ ಮುಖವನ್ನು ಸಣ್ಣದಾಗಿ ಬರೆದು ಅಡಗಿಸುತ್ತಿದ್ದರು ಎಂದು ಯಾರಿಗೋ ವಿವರಿಸತೊಡಗಿದಳು.

ಸೊಸೆ ಕರಿ ಬಟ್ಟೆಗೆ ಕೈ ಚಾಚಿದಳು. ನಾನು ಕೊಡಲಿಲ್ಲ.

"ಮೇಜು ನಾಳೆ ಖಾಲಿ ಆಗ್ಬೇಕು" ಎಂದೆ.

"ನಾಳೆ ಆಗಲ್ಲ ಅತ್ತೆ. ಕುಂಬಳಕಾಯಿ ಇಟ್ಟಿದೀನಿ."

"ನಿನ್ನ ಕುಂಬಳಕಾಯಿ ಹಾಳಾಗಿ ಹೋಗ್ಲಿ. ಒಂದು ಕುರ್ಚಿ ತಂದ್ಹಾಕು."

ಅವಳು ಕುರ್ಚಿ ತಂದಳು. ಇಲ್ಲಿ ಅಲ್ಲ, ಫೋಟೋದ ನೇರ ಮುಂದೆ ಹಾಕು ಎಂದೆ. ಹಾಕಿದಳು. ಕರಿ ಬಟ್ಟೆಯನ್ನು ಮಡಚಿ ಕುರ್ಚಿಗೆ ಹಾಸಿ ಅದರ ಮೇಲೇ ಕೂತೆ. ಜನ ಬಂದರು, ಹೋದರು, ಮಗ ಎರಡು ಸಲ ಬಂದು ಮನೆಗೆ ಹೋಗೋಣವೇ ಎಂದ. ನಾನು ಏಳಲಿಲ್ಲ. ಸಂಜೆ ಬಾಗಿಲು ಹಾಕುವವರೆಗೂ ಆ ಬೊಚ್ಚುಬಾಯಿಯ ಎದುರಿಗೇ ಕೂತಿದ್ದೆ, ಮುಖ ತಿರುಗಿಸಲಿಲ್ಲ.